ಮೊಂಡು ಮೂತಿಯ ಗುಂಡು

ನಾರಾವಿಯ ಅಡಿಕೆ ಕೃಷಿಕರೊಬ್ಬರು ಸೊಗಸಾದ ಪ್ರಶ್ನೆಯೊಂದನ್ನು ಕಳಿಸಿದ್ದಾರೆ. ತೋಟಕ್ಕೆ ನುಗ್ಗುವ ಮಂಗಗಳನ್ನು ಬೆದರಿಸಲು ಅವರ ಮನೆಯಲ್ಲೊಂದು ಏರ್‌ಗನ್ ಇದೆ. ಪೆಲೆಟ್ ತರಲು ಪೇಟೆಗೆ ಹೋದಾಗ ಅಂಗಡಿಯವರು, "ಚೂಪಿನದ್ದೇ ತಗೊಳ್ಳಿ, ನೆಟ್ಟಗೆ ಹೋಗ್ತದೆ" ಎಂದರಂತೆ. ಮನೆಗೆ ಬಂದರೆ ಮಗಳು ಮೊಬೈಲಿನಲ್ಲಿ ಒಲಿಂಪಿಕ್ಸ್ ಪಿಸ್ತೂಲ್ ಸ್ಪರ್ಧೆಯ ಪೆಲೆಟ್ ತೋರಿಸಿದಳು. ಅದರ ಮೂತಿ ಯಾರೋ ಅರದಿಂದ ಉಜ್ಜಿ ಬಿಟ್ಟಂತೆ ಚಪ್ಪಟೆ! "ಜಗತ್ತಿನ ಶ್ರೇಷ್ಠ ಗುರಿಕಾರರು ಮೊಂಡು ಗುಂಡು ಹೊಡೆಯುವುದು ಯಾಕೆ?"

ಕಾಗದಕ್ಕಾಗಿ. ಆ ಗುಂಡಿನ ಆಕಾರವನ್ನು ನಿರ್ಧರಿಸಿದ್ದು ಹಾರಾಟಕ್ಕಿಂತ ಹೆಚ್ಚಾಗಿ ಅದು ಕಾಗದದ ಮೇಲೆ ಬಿಟ್ಟುಹೋಗುವ ತೂತು.

10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿಲಿಮೀಟರ್. ಪೆಲೆಟ್ಟಿನದು 4.5 ಮಿ.ಮೀ. ತೂತಿನ ಅಂಚು ವೃತ್ತದ ಗೆರೆಯನ್ನು ಮುಟ್ಟಿದರೂ ಸಾಕು, ಹೆಚ್ಚಿನ ಅಂಕವೇ ಸಿಗುತ್ತದೆ. ಹಾಗಾದರೆ ತೂತಿನ ಅಂಚು ಎಲ್ಲಿದೆ ಎಂದು ಖಚಿತವಾಗಿ ತಿಳಿಯಬೇಕಲ್ಲ? ಇಲ್ಲೇ ಮೂತಿಯ ಕರಾಮತ್ತು ಇರುವುದು.

ಉರುಟು ಅಥವಾ ಚೂಪು ಮೂತಿಯ ಗುಂಡು ಕಾಗದವನ್ನು ಕತ್ತರಿಸುವುದಿಲ್ಲ. ನಡುವಿನಲ್ಲಿ ಚುಚ್ಚಿ, ಎಳೆಗಳನ್ನು ಹಿಂದಕ್ಕೆ ದೂಡಿ, ಹಿಗ್ಗಿಸಿ, ಹರಿದು ನುಸುಳುತ್ತದೆ. ಗುಂಡು ದಾಟಿದ ಮೇಲೆ ಹಿಗ್ಗಿದ ಎಳೆಗಳು ಮತ್ತೆ ಮುಂದಕ್ಕೆ ಮಡಚಿಕೊಳ್ಳುತ್ತವೆ. ಉಳಿಯುವುದು ಗುಂಡಿನ ಗಾತ್ರಕ್ಕಿಂತ ಕಿರಿದಾದ, ಅಂಚು ಚಿಂದಿಯಾದ, ನಕ್ಷತ್ರದಂತೆ ಸೀಳಿದ ತೂತು. ಗೆರೆಗೆ ತಾಗಿತೋ ಇಲ್ಲವೋ ಎಂದು ಭೂತಗನ್ನಡಿ ಹಿಡಿದು ವಾದಿಸಬಹುದು, ಅಷ್ಟೆ. ಚಪ್ಪಟೆ ಮೂತಿಯದ್ದು ಹಾಗಲ್ಲ. ಅದರ ಇಡೀ ಮುಖ ಒಮ್ಮೆಗೇ ಕಾಗದಕ್ಕೆ ಬಡಿಯುತ್ತದೆ. ಸುತ್ತಲಿನ ಹರಿತ ಅಂಚು ಕಚೇರಿಯ ಪಂಚಿಂಗ್ ಮೆಷಿನ್ನಿನಂತೆ ಒಂದು ಪುಟ್ಟ ಬಿಲ್ಲೆಯನ್ನೇ ಕತ್ತರಿಸಿ ಹಿಂದಕ್ಕೆ ಹಾರಿಸುತ್ತದೆ. ತೂತು ದುಂಡಗೆ, ಅಂಚು ಸ್ವಚ್ಛ. ಹಳೆಯ ಮದುವೆ ಕರೆಯೋಲೆಯನ್ನು ಬಿಗಿಯಾಗಿ ಕಟ್ಟಿ ಎರಡೂ ಬಗೆಯ ಪೆಲೆಟ್ ಹೊಡೆದು ನೋಡಿದ್ದೇನೆ. ಬೆಳಕಿಗೆ ಹಿಡಿದರೆ ವ್ಯತ್ಯಾಸ ಕೇಳಬೇಕಿಲ್ಲ. ಒಂದು ಇಲಿ ಕಚ್ಚಿದ ಹಾಗೆ, ಇನ್ನೊಂದು ಕೈವಾರದಲ್ಲಿ ಎಳೆದ ಹಾಗೆ. ಚಪ್ಪಟೆ ಮೂತಿಯ ಈ ಗುಂಡಿಗೆ ವಾಡ್‌ಕಟರ್ ಎನ್ನುತ್ತಾರೆ.

ಇಷ್ಟು ಸೂಕ್ಷ್ಮ ಬೇಕೇ ಎನ್ನುವವರು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ ಏರ್ ಪಿಸ್ತೂಲ್ ಫೈನಲ್ ನೆನಪಿಸಿಕೊಳ್ಳಲಿ. ಕಂಚು ಗೆದ್ದ ಮನು ಭಾಕರ್ ಅವರ ಮೊತ್ತ 221.7. ಆ ಹಂತದಲ್ಲಿ ದಕ್ಷಿಣ ಕೊರಿಯಾದ ಕಿಮ್ ಯೆ-ಜಿ ಅವರದು 221.8. ಏರ್ ಪಿಸ್ತೂಲ್ ಗುರಿಹಲಗೆಯಲ್ಲಿ ಒಂದು ವೃತ್ತಕ್ಕೂ ಮುಂದಿನದಕ್ಕೂ ಅಂತರ 8 ಮಿ.ಮೀ. ಅಂದರೆ 0.1 ಅಂಕವೆಂದರೆ 0.8 ಮಿ.ಮೀ. ಇಪ್ಪತ್ತೆರಡು ಹೊಡೆತಗಳಲ್ಲಿ ಯಾವುದೋ ಒಂದು ನಡುಬಿಂದುವಿಗೆ ಅಷ್ಟು ಹತ್ತಿರ ಬಿದ್ದಿದ್ದರೆ ಬೆಳ್ಳಿಯ ಪೈಪೋಟಿ ಸಮಬಲಕ್ಕೆ ಬರುತ್ತಿತ್ತು!

ಇನ್ನು "ಚೂಪಾದದ್ದು ನೆಟ್ಟಗೆ ಹೋಗುತ್ತದೆ" ಎಂಬ ನಂಬಿಕೆ. ಬಾಣ, ಈಟಿ, ಸೂಜಿ ನೋಡಿ ಬೆಳೆದ ನಮಗೆ ಇದು ಸಹಜವಾಗಿ ಬಂದಿದೆ. ಚೂಪು ಮೂತಿ ಗಾಳಿಯನ್ನು ಸುಲಭವಾಗಿ ಸೀಳುವುದು ನಿಜ. ಶಬ್ದದ ವೇಗವನ್ನೂ ಮೀರಿ ನೂರಾರು ಮೀಟರ್ ಹಾರಬೇಕಾದ ರೈಫಲ್ ಗುಂಡಿಗೆ ಆ ಲಾಭ ಬೇಕೇ ಬೇಕು. ಆದರೆ ಏರ್ ಪಿಸ್ತೂಲಿನ ಪೆಲೆಟ್ಟಿನ ವೇಗ ಸೆಕೆಂಡಿಗೆ ಸುಮಾರು 150 ಮೀಟರ್. ಹತ್ತು ಮೀಟರ್ ದಾಟಲು ಸೆಕೆಂಡಿನ ಹದಿನೈದನೇ ಒಂದು ಭಾಗ ಸಾಕು. ಅಷ್ಟರಲ್ಲಿ ಅದು ಕೆಳಗಿಳಿಯುವುದು ಎರಡು ಸೆಂಟಿಮೀಟರಿನಷ್ಟು, ಅದೂ ಪ್ರತಿ ಸಲ ಅಷ್ಟೇ. ಪಿಸ್ತೂಲಿನ ಗುರಿ ಹಿಡಿಯುವ ಸೈಟನ್ನು ಒಮ್ಮೆ ಸರಿಹೊಂದಿಸಿದರೆ ಮುಗಿಯಿತು. ಚೂಪಿನದಕ್ಕೆ ಬೇರೊಂದು ಪೀಡೆ ಬೇರೆ: ಮೆತ್ತನೆಯ ಸೀಸದ ಮೊನೆ ತಯಾರಿಯಲ್ಲೋ ಡಬ್ಬದೊಳಗಿನ ಕುಲುಕಾಟದಲ್ಲೋ ಕೂದಲೆಳೆಯಷ್ಟು ವಾಲಿದರೂ, ತಿರುಗುತ್ತಾ ಸಾಗುವ ಗುಂಡು ಓಲಾಡತೊಡಗುತ್ತದೆ. ಚಪ್ಪಟೆ ಮುಖಕ್ಕೆ ವಾಲಲು ಮೊನೆಯೇ ಇಲ್ಲ. ಆದರೆ ಅದನ್ನು ದೂರಕ್ಕೆ ಹೊಡೆದರೆ ಬೇಗ ವೇಗ ಕಳೆದುಕೊಂಡು ದಾರಿ ತಪ್ಪುತ್ತದೆ. ಅದು ಹತ್ತಿರದ ಗುರಿಗಷ್ಟೇ ಸಲ್ಲುವ ಗುಂಡು.

25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲೂ ಇದೇ ಕಥೆ. ಮನು ಅವರ ಗುರು ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ್ದು ಈ ಸ್ಪರ್ಧೆಯಲ್ಲಿ. ಇದರಲ್ಲಿ ಹೆಚ್ಚಾಗಿ ಬಳಕೆಯಾಗುವುದು ಪಾಯಿಂಟ್ 32 ಕ್ಯಾಲಿಬರಿನ ವಾಡ್‌ಕಟರ್. ಅದರ ಗುಂಡು ತೋಟೆಯ ಬಾಯಿಗೆ ಸಮನಾಗಿ ಪೂರ್ತಿ ಒಳಗೇ ಕೂತಿರುತ್ತದೆ. ನೋಡಿದರೆ ತೋಟೆಗೆ ಗುಂಡೇ ಇಲ್ಲವೇನೋ ಅನ್ನಿಸಬೇಕು. ಮದ್ದು ಕಡಿಮೆ, ವೇಗ ಶಬ್ದಕ್ಕಿಂತ ಎಷ್ಟೋ ಕೆಳಗೆ, ಹಿಂದೊದೆತ ಸೌಮ್ಯ. ದಪ್ಪ ಗುಂಡು ಹೊಡೆದು ದೊಡ್ಡ ತೂತಿನಿಂದ ಗೆರೆ ಮುಟ್ಟಿಸುವ ಜಾಣತನಕ್ಕೆ ಇಲ್ಲಿ ಅವಕಾಶವಿಲ್ಲ. ಗೊಂದಲದ ತೂತುಗಳನ್ನು 9.65 ಮಿ.ಮೀ.ನ ಒಂದೇ ಅಳತೆಗೋಲು ತೂರಿಸಿ ತೀರ್ಮಾನಿಸುತ್ತಾರೆ. ಪಾಯಿಂಟ್ 22ರಲ್ಲಿ ಮಾತ್ರ ಉರುಟು ಮೂತಿಯೇ ಗೆದ್ದಿದೆ. 

ನಮ್ಮ ರಾಜ್ಯದ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಟಿ.ಎಸ್. ದಿವ್ಯಾ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ತಂಡ ವಿಭಾಗದಲ್ಲೂ ಮಿಶ್ರ ಜೋಡಿಯಲ್ಲೂ ಬೆಳ್ಳಿ ತಂದರು. ಈ ಮಟ್ಟಕ್ಕೆ ಹೋದವರು ಪೆಲೆಟ್ಟನ್ನು ಡಬ್ಬದ ಬಣ್ಣ ನೋಡಿ ಕೊಳ್ಳುವುದಿಲ್ಲ. 4.48, 4.49, 4.50 ಎಂದು ಮಿಲಿಮೀಟರಿನ ನೂರನೇ ಒಂದರ ವ್ಯತ್ಯಾಸದಲ್ಲಿ ತಲೆಯಳತೆ ಸಿಗುತ್ತದೆ. ಪಿಸ್ತೂಲನ್ನು ಗಟ್ಟಿಯಾಗಿ ಬಿಗಿದು ಒಂದೊಂದನ್ನೂ ಹೊಡೆದು, ಯಾವುದು ಒಂದೇ ತೂತಿನಲ್ಲಿ ಮತ್ತೆ ಮತ್ತೆ ಹಾಯುತ್ತದೋ ಅದೇ ಬ್ಯಾಚಿನ ಡಬ್ಬಗಳನ್ನು ಸಂಗ್ರಹಿಸಿಡುತ್ತಾರೆ. "ನನ್ನ ಕೋವಿಗೆ ಯಾರೋ ಕಟ್ಟು ಹಾಕಿದ್ದಾರೆ, ಗುರಿ ತಪ್ಪುತ್ತದೆ" ಎಂದು ಮಂತ್ರವಾದಿಯ ಬಳಿ ದುಡ್ಡು ಸುರಿಯುವವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಆ ದುಡ್ಡಿನಲ್ಲಿ ನಾಲ್ಕು ಬಗೆಯ ಪೆಲೆಟ್ ಡಬ್ಬ ತಂದು ಪರೀಕ್ಷಿಸಿದರೆ ಕಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ಮಾತನ್ನು ಗದರಿಯೇ ಹೇಳಬೇಕು. ಜಾತ್ರೆಯ ಬಲೂನ್ ಅಂಗಡಿಗಳಲ್ಲಿ ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಕೊಂಡು ಕೋವಿ ತುಂಬುವವರನ್ನು ಕಂಡಿದ್ದೇನೆ, ಅದನ್ನು ಅನುಕರಿಸುವ ಮಕ್ಕಳನ್ನೂ ಕಂಡಿದ್ದೇನೆ. ಪೆಲೆಟ್ ಎಂದರೆ ಸೀಸ. ಮಕ್ಕಳ ಮಿದುಳಿಗೆ ಅದು ವಿಷ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿಗೆ ಕೈಹಾಕಬಾರದು.

ಈಗ ದೊಡ್ಡ ಸ್ಪರ್ಧೆಗಳಲ್ಲಿ ತೂತು ನೋಡಿ ಅಂಕ ಕೊಡುವ ಕಾಲ ಹೋಗಿದೆ. ಎಲೆಕ್ಟ್ರಾನಿಕ್ ಗುರಿಹಲಗೆಗಳಲ್ಲಿ ಕೆಲವು ಮೈಕ್ರೊಫೋನುಗಳಿಂದ ಸದ್ದು ಹಿಡಿದು, ಅದು ಯಾವುದಕ್ಕೆ ಎಷ್ಟು ಬೇಗ ಮುಟ್ಟಿತೆಂದು ಲೆಕ್ಕ ಹಾಕಿ, ಗುಂಡು ಹಾಯ್ದ ಜಾಗವನ್ನು ಗುರುತಿಸುತ್ತವೆ. ಇನ್ನು ಕೆಲವು ಬೆಳಕಿನ ಕಿರಣಗಳಿಂದ. ಹಾಗಿದ್ದರೂ ಸ್ಪರ್ಧಿಗಳ ಡಬ್ಬದಲ್ಲಿರುವುದು ಚಪ್ಪಟೆ ಮೂತಿಯೇ. ಕಾಗದಕ್ಕಾಗಿ ಹುಟ್ಟಿದ ಆಕಾರವನ್ನು ತಯಾರಕರು ದಶಕಗಳ ಕಾಲ ತಿದ್ದಿ ತೀಡಿದ್ದಾರೆ. ಹತ್ತು ಮೀಟರಿನಲ್ಲಿ ಅದನ್ನು ಮೀರಿಸುವ ಇನ್ನೊಂದು ಮೂತಿ ಅವರಿಗೆ ಬೇಕಾಗಿಲ್ಲ.