ನೀರು ಕಟ್ಟಿದ ಸೋಪಾನಗಳು

ತುರ್ಕಿ ದೇಶದ ನೈರುತ್ಯ ಭಾಗದಲ್ಲಿ, ದೆನಿಜ್ಲಿ ನಗರಕ್ಕೆ ಅನತಿದೂರದಲ್ಲಿ, ಬಯಲಿನಿಂದ ಸುಮಾರು 200 ಮೀಟರು ಎತ್ತರಕ್ಕೆ ಎದ್ದು ನಿಂತ ಒಂದು ಬಿಳಿಯ ದಿಣ್ಣೆಯುಂಟು. ದೂರದಿಂದ ಕಂಡವರಿಗೆ ಅದು ಹಿಮವೆಂಬ ಭ್ರಾಂತಿಯಾಗುವುದು ಸಹಜ. ತುರ್ಕರು ಅದನ್ನು ಪಾಮುಕ್ಕಲೆ, ಎಂದರೆ ಹತ್ತಿಯ ಕೋಟೆ, ಎಂದು ಕರೆದಿದ್ದಾರೆ. ವಾಸ್ತವವಾಗಿ ಅದು ಬಿಸಿನೀರಿನ ಬುಗ್ಗೆಗಳು ತಾವೇ ಹೊತ್ತು ತಂದು ಕಟ್ಟಿದ ಕಲ್ಲು. ಭೂವಿಜ್ಞಾನಿಗಳು ಇದಕ್ಕೆ ಟ್ರಾವರ್ಟೀನ್ ಎನ್ನುತ್ತಾರೆ. ರೋಮಿನ ಬಳಿಯ ತಿಬೂರ್ ಎಂಬ ಊರಿನ ಹೆಸರಿನಿಂದ ಹುಟ್ಟಿದ ಮಾತಿದು. ಕೊಲೋಸಿಯಮ್ಮಿನ ಹೊರಗೋಡೆ ಈ ಜಾತಿಯ ಕಲ್ಲಿನದೇ.

ನೀರು ಕಲ್ಲಾಗುವ ಬಗೆ ಹೇಗೆ? ನೆಲದೊಳಗೆ ಇಂಗಿದ ನೀರು ಅಲ್ಲಿನ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು, ಸುಣ್ಣಕಲ್ಲನ್ನು ಕರಗಿಸುವ ಶಕ್ತಿಯನ್ನು ಪಡೆಯುತ್ತದೆ. ಆಳದ ಒತ್ತಡದಲ್ಲಿ ಈ ವಾಯುವು ನೀರಿನಲ್ಲಿಯೇ ಅಡಗಿರುತ್ತದೆ. ಸುಮಾರು 35 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಬುಗ್ಗೆಯಾಗಿ ಹೊರಬಂದೊಡನೆ ಒತ್ತಡ ಕಡಿಮೆಯಾಗಿ ವಾಯು ಹಾರಿಹೋಗುತ್ತದೆ. ಕರಗಿದ್ದ ಸುಣ್ಣವನ್ನು ಹಿಡಿದಿಡಲಾರದೆ ನೀರು ಅದನ್ನು ಕೆಳಗಿಳಿಸುತ್ತದೆ. ಗಡಸುನೀರನ್ನು ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಪದರ ಕಟ್ಟುವುದೂ ಇದೇ ನಿಯಮದಿಂದ.

ಸೋಪಾನದ ಆಕಾರಕ್ಕೆ ಕಾರಣ ಅಂಚುಗಳಲ್ಲಿದೆ. ಅಂಚನ್ನು ದಾಟುವಾಗ ನೀರು ತೆಳುವಾಗಿ, ಕದಡುತ್ತ ಹರಿಯುವುದರಿಂದ ವಾಯು ಅಲ್ಲಿಯೇ ಹೆಚ್ಚಾಗಿ ಬಿಡುಗಡೆಯಾಗುತ್ತದೆ. ಸುಣ್ಣವೂ ಅಲ್ಲಿಯೇ ಹೆಚ್ಚು ಸೇರುತ್ತದೆ. ಹೀಗೆ ಅಂಚು ಬೆಳೆದು ಒಡ್ಡಾಗುತ್ತದೆ, ಅದರ ಹಿಂದೆ ಕೊಳ ನಿಲ್ಲುತ್ತದೆ. ಮೊದಲು ಲೋಳೆಯಂತೆ ಮೆತ್ತಗಿರುವ ಪದರ ಕ್ರಮೇಣ ಗಟ್ಟಿಯಾಗುತ್ತದೆ.

ಪ್ರಾಚೀನರು ಇದನ್ನು ಬಲ್ಲವರಾಗಿದ್ದರು. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ದಿಣ್ಣೆಯ ಮೇಲೆ ಹಿಯರಾಪೊಲಿಸ್ ನಗರ ಸ್ಥಾಪಿತವಾಯಿತು. ಅಲ್ಲಿನ ಜನರು ಕಾಲುವೆಗಳಲ್ಲಿ ನೀರು ಹರಿಸಿ, ಹೊಲಗಳಿಗೆ ಏಕಶಿಲೆಯ ಬೇಲಿಗಳನ್ನು ಬೆಳೆಸಿಕೊಳ್ಳುತ್ತಿದ್ದುದನ್ನು ಭೂಗೋಳಕಾರ ಸ್ಟ್ರಾಬೊ ದಾಖಲಿಸಿದ್ದಾನೆ.

ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಿಣ್ಣೆಯ ತಲೆಯ ಮೇಲೆ ಹೋಟೆಲುಗಳು ಎದ್ದವು. ಬುಗ್ಗೆಯ ನೀರು ಅವುಗಳ ಈಜುಕೊಳಗಳಿಗೆ ತಿರುಗಿತು. ಇಳಿಜಾರನ್ನು ಕಡಿದು ರಸ್ತೆ ಮಾಡಲಾಯಿತು. ನೀರು ತಪ್ಪಿದ ಸೋಪಾನಗಳು ಬಣ್ಣಗೆಟ್ಟವು. 1988ರಲ್ಲಿ ಯುನೆಸ್ಕೊ ಈ ತಾಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅನಂತರ ಹೋಟೆಲುಗಳನ್ನು ಕೆಡವಲಾಯಿತು, ರಸ್ತೆಯಿದ್ದಲ್ಲಿ ಕೃತಕ ಕೊಳಗಳನ್ನು ನಿರ್ಮಿಸಲಾಯಿತು. ಈಗ ಪ್ರವಾಸಿಗಳು ನಿಗದಿಯಾದ ಭಾಗದಲ್ಲಿ, ಬರಿಗಾಲಿನಲ್ಲಿ ಮಾತ್ರ ನಡೆಯಬಹುದು. ನೀರನ್ನು ಸರದಿಯಂತೆ ಬೇರೆಬೇರೆ ಸೋಪಾನಗಳಿಗೆ ಬಿಡುತ್ತಾರೆ. ಎಡೆಬಿಡದೆ ಹರಿದರೆ ಪಾಚಿ ಕಟ್ಟುತ್ತದೆ, ನಿಂತುಹೋದರೆ ಕಲ್ಲು ಮಾಸುತ್ತದೆ. ಸಹಸ್ರಾರು ವರ್ಷ ತಾನಾಗಿಯೇ ದಾರಿ ಕಂಡುಕೊಂಡ ನೀರಿಗೆ ಇಂದು ಮನುಷ್ಯನು ಸರದಿ ಹಾಕಬೇಕಾಗಿದೆ. ಅವನು ಮಾಡಿದ ಹಾನಿಯನ್ನು ತುಂಬಿಕೊಡುವ ಕೆಲಸವನ್ನಾದರೋ, ನೀರೇ ಪದರಪದರವಾಗಿ ನಡೆಸುತ್ತಿದೆ.