ಮೊದಲು ಗುರಿ, ಆಮೇಲೆ ಗುಂಪು

ಜಲಾನಯನ ಕೆಲಸ ಬಂತೆಂದರೆ ನಾವು ಮೊದಲು ಗುಂಪು ಮಾಡ್ತೀವಿ: ಬದುವಿಗೊಂದು, ಹಳ್ಳಕ್ಕೊಂದು, ಗಿಡಕ್ಕೊಂದು. ಗುರಿ ಏನೆಂದು ಊರು ಕೂತು ಮಾತಾಡಿರೋದಿಲ್ಲ. ಒಂದು ಗುಂಪು ನೆಟ್ಟ ಗಿಡ ಆಡಿನ ಪಾಲು. ಇನ್ನೊಂದು ನಿಲ್ಲಿಸಿದ ನೀರು ಪಕ್ಕದ ಬೋರಿನ ಪಾಲು.

ಮಹಾರಾಷ್ಟ್ರದ ಹಿವರೆ ಬಜಾರ್ ನಮ್ಮಂಥದೇ ಬರದೂರು. 1990ರ ಸುಮಾರಿನಿಂದ ಸರಪಂಚ ಪೋಪಟರಾವ್ ಪವಾರರ ಜೊತೆ ಊರು ಒಂದು ಗುರಿ ಹಿಡಿಯಿತು: ಬಿದ್ದ ಮಳೆ ಊರಲ್ಲೇ ಇಂಗಬೇಕು. ಬೇಸಾಯಕ್ಕೆ ಬೋರು ಬೇಡ, ಕಬ್ಬು ಬೇಡ, ಗುಡ್ಡಕ್ಕೆ ದನ ಬಿಡೋದು ಬೇಡ ಎಂಬ ಕಟ್ಟಳೆಗಳೆಲ್ಲ ಅದಕ್ಕೆ ಹೊಂದಿದವು. ಅಲ್ಲಿ ಮಳೆ ಅಳೆದು, ಕುಡಿಯೋ ನೀರು ತೆಗೆದಿಟ್ಟು, ಉಳಿದದ್ದಕ್ಕೆ ತಕ್ಕ ಬೆಳೆ ಇಡ್ತಾರೆ.

ನನ್ನ ಸಲಹೆ ಇಷ್ಟೇ. ಗುರಿಯನ್ನು ಒಂದೇ ಸಾಲಲ್ಲಿ ಪಂಚಾಯ್ತಿ ಗೋಡೆಗೆ ಬರೆಸಿ. ಆ ಸಭೆಗೆ ಜಮೀನಿಲ್ಲದ ಆಡಿನವರನ್ನೂ ಕರೆಯಿರಿ. ಅವರು ಒಪ್ಪದೆ ಗಿಡ ಉಳಿಯೋದಿಲ್ಲ. ತಕರಾರು ಬಂದಾಗ ಆ ಸಾಲನ್ನೇ ಓದಿ ತೀರ್ಮಾನ ಮಾಡಿ.