ರೊಟ್ಟಿಯ ಜಾತ್ರೆ, ರೊಟ್ಟಿಯ ಹೊಲ

ದೇವರ ತೇರಿಗೆ ಜಾತ್ರೆ ಕೂಡುವುದು ನಮಗೆಲ್ಲ ತಿಳಿದ ಸಂಗತಿ. ದನಗಳ ಜಾತ್ರೆಯನ್ನೂ ಕಂಡಿದ್ದೇವೆ. ಆದರೆ ರೊಟ್ಟಿಯ ಹೆಸರಿನಲ್ಲಿಯೇ ಒಂದು ಜಾತ್ರೆ ನಡೆಯುವುದುಂಟೆಂದರೆ ಬಂದಳಿಕೆಯ ಸುತ್ತಿನ ರೈತ ಬಾಂಧವರಲ್ಲಿ ಕೆಲವರಿಗಾದರೂ ಆಶ್ಚರ್ಯವಾದೀತು. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ, ತೋಂಟದಾರ್ಯ ಮಠದ ಜಾತ್ರೆಯ ಕಾಲಕ್ಕೆ ಅಂಥದೊಂದು ನಡೆಯುತ್ತದೆ. ಅದರ ಹೆಸರೇ ರೊಟ್ಟಿ ಜಾತ್ರೆ.

ಜಾತ್ರೆಗೆ ಮುಂಚೆ ಮನೆಮನೆಗಳಲ್ಲಿ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿದು, ಒಣಗಿಸಿ ಮಠಕ್ಕೆ ಒಪ್ಪಿಸುತ್ತಾರೆ. ಆ ದಿನ ರೊಟ್ಟಿಯ ಜೊತೆಗೆ ಕರಿಂಡಿ, ಭಜ್ಜಿ, ಬಾನ. ಜಾತಿಮತದ ಭೇದವಿಲ್ಲದೆ ಎಲ್ಲರೂ ಕೂಡಿ ಕುಳಿತು ಊಟ. ಯಾರ ಮನೆಯ ರೊಟ್ಟಿ ಯಾರ ತಟ್ಟೆಗೆ ಬಿತ್ತೆಂದು ಯಾರೂ ಹೇಳುವಂತಿಲ್ಲ. ಆ ಏರ್ಪಾಟಿನ ಜಾಣತನವೇ ಅದು. 1974ರಲ್ಲಿ ಪೀಠಕ್ಕೆ ಬಂದು 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾದ ತೋಂಟದ ಸಿದ್ಧಲಿಂಗ ಸ್ವಾಮಿಗಳ ಕಾಲದಲ್ಲಿ ಈ ಜಾತ್ರೆ ನಾಡಿನಲ್ಲೆಲ್ಲ ಹೆಸರಾಯಿತು.

ಸಾವಿರಾರು ಜನರಿಗೆ ಒಂದೇ ದಿನ ರೊಟ್ಟಿ ಬಡಿಯುವುದು ಯಾವ ಊರಿನಿಂದಲೂ ಆಗದು. ಆದರೆ ಖಡಕ್ ರೊಟ್ಟಿಯಲ್ಲಿ ತೇವವೇ ಉಳಿದಿರುವುದಿಲ್ಲವಾದ್ದರಿಂದ ಅದಕ್ಕೆ ಬೂಸ್ಟು ಬರುವುದಿಲ್ಲ. ವಾರಗಟ್ಟಲೆ ಇಟ್ಟರೂ ಕೆಡದು. ಹೀಗಾಗಿ ಹತ್ತು ಮನೆಗಳ ಕೆಲಸವನ್ನು ಹತ್ತು ದಿನಗಳ ಮೇಲೆ ಹಂಚಿಕೊಳ್ಳಬಹುದು. ಜಾತ್ರೆ ನಿಂತಿರುವುದು ಈ ಗುಣದ ಮೇಲೆ.

ಇಲ್ಲಿ ಹಿಟ್ಟಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಗೋಧಿಹಿಟ್ಟಿಗೆ ತಣ್ಣೀರು ಹಾಕಿ ನಾದಿದರೂ ಅದು ಎಳೆಎಳೆಯಾಗಿ ಹಿಗ್ಗುತ್ತದೆ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟಿನ ಸಸಾರಜನಕವುಂಟು. ಜೋಳದಲ್ಲಿಯೂ ಅಕ್ಕಿಯಲ್ಲಿಯೂ ಅದು ಇಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ತಟ್ಟಿದೊಡನೆ ಅಂಚು ಒಡೆಯುತ್ತದೆ. ಆದರೆ ಎಸರು ಕಾಯಿಸಿ ಸುರಿದರೆ, ಸುಮಾರು 70 ಡಿಗ್ರಿ ಶಾಖದಲ್ಲಿ ಹಿಟ್ಟಿನೊಳಗಿನ ಪಿಷ್ಟ ನೀರು ಕುಡಿದು, ಉಬ್ಬಿ, ಗಂಜಿಯಂತಾಗುತ್ತದೆ. ಆ ಗಂಜಿಯೇ ಹಿಟ್ಟನ್ನು ಹಿಡಿದಿಡುವ ಅಂಟು. ನಮ್ಮ ಮನೆಗಳಲ್ಲಿ ಅಕ್ಕಿರೊಟ್ಟಿಗೆ ಹಿಟ್ಟನ್ನು ಉಕ್ಕರಿಸಿ ಬಿಸಿಯಿರುವಾಗಲೇ ನಾದುವುದಕ್ಕೂ ಇದೇ ಕಾರಣ. ಯಾವ ಪುಸ್ತಕವನ್ನೂ ಓದದೆ ನಮ್ಮ ಅಜ್ಜಿಯರು ಇದನ್ನು ಕಂಡುಕೊಂಡಿದ್ದರು. ಇನ್ನೊಂದು ಮಾತು: ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಬಹಳ ದಿನ ಇಟ್ಟ ಹಿಟ್ಟು ಕಹಿಯಾಗುತ್ತದೆ. ಕಾಳನ್ನು ಇಟ್ಟುಕೊಂಡು, ಬೇಕಾದಾಗ ಬೇಕಾದಷ್ಟೇ ಬೀಸಿಸುವುದು ಲೇಸು.

ಡಂಬಳದ ಸುತ್ತ ಇರುವುದು ಎರೆಭೂಮಿ. ಹಿಂಗಾರಿಯಲ್ಲಿ ನೆಲದ ತೇವದ ಮೇಲೆಯೇ ಬಿಳಿಜೋಳ ಬರುತ್ತದೆ. ಆ ಭೂಮಿಗೂ ಒಮ್ಮೆ ಕುತ್ತು ಬಂದಿತ್ತು. ಅದೇ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಬಳಿ ಪೋಸ್ಕೊ ಎಂಬ ಕೊರಿಯಾ ದೇಶದ ಕಂಪನಿಯ ಉಕ್ಕಿನ ಕಾರ್ಖಾನೆಗಾಗಿ ರೈತರ ಜಮೀನು ತೆಗೆದುಕೊಳ್ಳುವ ಏರ್ಪಾಡು ನಡೆದಾಗ, ಸಿದ್ಧಲಿಂಗ ಸ್ವಾಮಿಗಳು ರೈತರ ಮುಂದೆ ನಿಂತರು. 2011ರಲ್ಲಿ ಆ ಯೋಜನೆ ಕೈಬಿಟ್ಟುಹೋಯಿತು. ಪಂಕ್ತಿಯಲ್ಲಿ ರೊಟ್ಟಿ ಬಡಿಸಿದ ಮಠವೇ ರೊಟ್ಟಿಯ ಹೊಲಕ್ಕೂ ಕಾವಲಾಯಿತು. ಊಟದ ಪಂಕ್ತಿಗಿಂತ ನಾವು ಹೆಚ್ಚಾಗಿ ಗಮನಿಸತಕ್ಕದ್ದು ಇದನ್ನೇ ಎಂದು ನನ್ನ ಅಭಿಪ್ರಾಯ.

ದೂರದ ಇಟಲಿಯಲ್ಲಿಯೂ ಇದೇ ಮಾತು ಬೇರೆ ರೀತಿಯಲ್ಲಿ ನಡೆದಿದೆ. ಅಲ್ಲಿ ಹಳ್ಳಿಗಳಲ್ಲಿ, ಬೇಸಿಗೆಯಲ್ಲಂತೂ ಹೆಚ್ಚಾಗಿ, ತಮ್ಮ ಊರಿನ ಒಂದು ತಿನಿಸನ್ನೇ ಮುಂದಿಟ್ಟುಕೊಂಡು ಹಬ್ಬ ಮಾಡುತ್ತಾರೆ. ಒಂದು ಊರಿಗೆ ರೊಟ್ಟಿಯ ಹಬ್ಬ, ಇನ್ನೊಂದಕ್ಕೆ ಹಣ್ಣಿನದು. ಇಂಥ ಹಬ್ಬವನ್ನು ಸಾಗ್ರಾ ಎನ್ನುತ್ತಾರೆ. ದೇಶದ ದಕ್ಷಿಣ ಭಾಗದ ಆಲ್ತಮೂರಾ ಎಂಬ ಊರು ತನ್ನ ಗೋಧಿ ರೊಟ್ಟಿಗೆ ಹೆಸರಾದುದು. ನಮ್ಮ ರೊಟ್ಟಿಯಂತೆ ತೆಳುವಾದುದಲ್ಲ. ಹುಳಿಹಿಟ್ಟಿನಿಂದ ಉಬ್ಬಿಸಿ ಗೂಡೊಲೆಯಲ್ಲಿ ಸುಟ್ಟ ದಪ್ಪ ರೊಟ್ಟಿ. ಹಿಂದೆ ಹೆಂಗಸರು ಮನೆಯಲ್ಲಿ ಹಿಟ್ಟು ನಾದಿ ಊರೊಟ್ಟಿನ ಒಲೆಗೆ ಒಯ್ಯುತ್ತಿದ್ದರು. ಅದಲುಬದಲಾಗದಿರಲೆಂದು ಪ್ರತಿಯೊಂದು ಮನೆಯ ರೊಟ್ಟಿಯ ಮೇಲೂ ಯಜಮಾನನ ಹೆಸರಿನ ಅಕ್ಷರವುಳ್ಳ ಮರದ ಮುದ್ರೆ ಒತ್ತುತ್ತಿದ್ದರು. ನಾದಿದವಳು ಹೆಂಡತಿ, ಹೆಸರು ಮಾತ್ರ ಗಂಡನದು! ಈ ವಿಷಯದಲ್ಲಿ ನಮಗೂ ಅವರಿಗೂ ಬಹಳ ದೂರವಿಲ್ಲ.

2003ರಲ್ಲಿ ಯೂರೋಪಿನ ಒಕ್ಕೂಟವು ಆಲ್ತಮೂರಾ ರೊಟ್ಟಿಯ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಅದರ ನಿಯಮದಂತೆ ರೊಟ್ಟಿಯ ತೊಗಟೆ 3 ಮಿಲಿಮೀಟರಿಗಿಂತ ತೆಳುವಾಗಿರಕೂಡದು. ಮುಖ್ಯವಾದುದು ಮತ್ತೊಂದು: ಆಲ್ತಮೂರಾ ಮತ್ತು ಅದರ ನೆರೆಯ ಊರುಗಳು ಸೇರಿ ಒಟ್ಟು 5 ಊರುಗಳ ಎಲ್ಲೆಯೊಳಗೆ ಬೆಳೆದ ಗಟ್ಟಿಗೋಧಿಯ ಹಿಟ್ಟಿನಿಂದಲೇ ರೊಟ್ಟಿ ಆಗತಕ್ಕದ್ದು. ಹೊರಗಿನ ಗೋಧಿ ಎಷ್ಟೇ ಅಗ್ಗವಾಗಿರಲಿ, ಅದರಿಂದ ಮಾಡಿದ್ದಕ್ಕೆ ಆ ಹೆಸರಿಲ್ಲ. ಹೀಗೆ ಒಲೆಯ ಮುಂದಿನ ಹೆಸರು ಹೊಲದ ರೈತನಿಗೂ ಆಸರೆಯಾಯಿತು.

ಈಗ ನಮ್ಮ ಸೀಮೆಗೆ ಬರೋಣ. ಡಂಬಳವನ್ನು ನೋಡಿ ನಾವು ಜೋಳ ಬಿತ್ತಲು ಹೊರಡಬೇಕಾದುದಿಲ್ಲ. ಹಿಂಗಾರಿ ಬಿಳಿಜೋಳಕ್ಕೆ ಬೇಕಾದ ಆಳವಾದ ಎರೆಮಣ್ಣು ಬಂದಳಿಕೆಯ ಕಡೆ ಇಲ್ಲ. ಮುಂಗಾರಿಯಲ್ಲಿ ಹಾಕಿದರೆ ತೆನೆ ಮಾಗುವ ಹೊತ್ತಿಗೆ ಮಳೆ ಹಿಡಿದು ಕಾಳು ಕಪ್ಪಾಗುವ ಭಯವುಂಟು. ನಮ್ಮದು ಗದ್ದೆಯ ನಾಡು. ನಮ್ಮ ರೊಟ್ಟಿ ಅಕ್ಕಿರೊಟ್ಟಿ. ಭೂಮಿ ಹುಣ್ಣಿಮೆಯಲ್ಲಿ, ಹೊಡೆ ತುಂಬಿದ ಭತ್ತವನ್ನು ಬಸುರಿಯೆಂದು ಪೂಜಿಸಿ ಬಯಕೆಯ ಊಟ ಇಡುವವರು ನಾವು. ಆ ಗದ್ದೆಯ ಸ್ಥಿತಿ ಇಂದು ಹೇಗಿದೆ? ಬೆದ್ದಲಿನಲ್ಲಿ ಮೆಕ್ಕೆಜೋಳ ಹರಡಿದೆ. ಗದ್ದೆಗಳಿಗೆ ಕಾಲುವೆ ತೋಡಿ, ಮಣ್ಣು ಏರಿಸಿ, ಅಡಿಕೆ ಸಸಿ ನೆಡುತ್ತಿದ್ದಾರೆ. ಅಡಿಕೆ ಇಟ್ಟವರನ್ನು ನಾನು ದೂರುವುದಿಲ್ಲ. ಭತ್ತದ ಖರ್ಚನ್ನೂ ಕೂಲಿಯನ್ನೂ ಕೂಡಿಸಿ ನೋಡಿದವರಿಗೆ ಅವರ ಲೆಕ್ಕ ಅರ್ಥವಾಗುತ್ತದೆ. ಆದರೆ ಒಮ್ಮೆ ತೋಟವಾದ ಗದ್ದೆ ಮತ್ತೆ ಗದ್ದೆಯಾಗುವುದು ಬಲು ಕಷ್ಟ. ಅದರೊಡನೆ ದನಕ್ಕೆ ಹಾಕುವ ಹುಲ್ಲೂ ಹೋಗುತ್ತದೆ. ಅಂಗಡಿಯಿಂದ ತಂದ ಅಕ್ಕಿಯಿಂದಲೂ ರೊಟ್ಟಿಯಾಗುತ್ತದೆ, ನಿಜ. ಆದರೆ ಹೆಗ್ಗೆಯಂಥ ಊರ ತಳಿಗಳು, ವರದಾ ನದಿಯ ನೆರೆನೀರಿನಲ್ಲಿ ನಿಂತೂ ಉಳಿಯುವ ನೆರೆಗುಳಿ, ಇವು ಎರಡು ಮೂರು ವರ್ಷ ಬಿತ್ತದಿದ್ದರೆ ಬೀಜವೇ ಮೊಳೆಯದೆ ಹೋಗುತ್ತವೆ. ಆಮೇಲೆ ಹುಡುಕಿದರೂ ಸಿಗವು.

ಆದುದರಿಂದ ನನ್ನದೊಂದು ಸೂಚನೆ. ಬರುವ ಬೇಸಿಗೆಯಲ್ಲಿ ಊರವರೆಲ್ಲ ಸೇರಿ ಒಂದು ದಿನ ಅಕ್ಕಿರೊಟ್ಟಿಯ ಹಬ್ಬ ಮಾಡಬಹುದು. ಅಕ್ಕಿ ಮಾತ್ರ ಊರ ಗದ್ದೆಯದೇ ಆಗಿರತಕ್ಕದ್ದು. ಲೆಕ್ಕ ನೋಡಿ. 500 ಜನ, ತಲೆಗೆ 3ರಂತೆ 1500 ರೊಟ್ಟಿ. ಒಂದು ಕಿಲೋ ಹಿಟ್ಟಿಗೆ 20 ರೊಟ್ಟಿ ಹಿಡಿದರೆ 75 ಕಿಲೋ ಹಿಟ್ಟು. ಅದಕ್ಕೆ ಸುಮಾರು 115 ಕಿಲೋ ಭತ್ತ. ಊರ ತಳಿಯ ಇಳುವರಿಯನ್ನು ಎಕರೆಗೆ 10 ಕ್ವಿಂಟಾಲ್ ಎಂದು ಕಡಿಮೆಯಾಗಿಯೇ ಹಿಡಿದರೂ 5 ಗುಂಟೆ ಗದ್ದೆ ಸಾಕು. ಐದು ಮನೆಗಳವರು ಒಂದೊಂದು ಗುಂಟೆ ಬಿಟ್ಟರೆ ಆಯಿತು. ಅಕ್ಕಿರೊಟ್ಟಿ ಬಿಸಿಯಾಗಿದ್ದರೇ ಚೆನ್ನ, ಹಿಂದಿನ ವಾರ ಬಡಿದಿಡಲಾಗದು. ಹಾಗಾಗಿ ಒಲೆಗಳು ಹೆಚ್ಚು ಬೇಕು. ಸರದಿಯ ಮೇಲೆ ಗಂಡಸರೂ ಕೈಹಾಕಬೇಕು. ಹೊರಗಿನಿಂದ ಬಂದವರಿಗೆ ರೊಟ್ಟಿಗೆ ಇಷ್ಟೆಂದು ಬೆಲೆ ಇಟ್ಟರೆ, ಆ ಹಣದ ಲೆಕ್ಕ ರೊಟ್ಟಿ ಮಾಡಿದ ಹೆಂಗಸರ ಕೈಯಲ್ಲಿಯೇ ಇರಲಿ. ಸಾವಿರ ವರ್ಷಕ್ಕೂ ಹಿಂದೆ ನಾಗರಖಂಡ ಎಪ್ಪತ್ತರ ಆಡಳಿತವನ್ನೇ ಜಕ್ಕಿಯಬ್ಬೆ ಎಂಬ ಹೆಣ್ಣುಮಗಳು ನಡೆಸಿದಳೆಂದು ಬಂದಳಿಕೆಯ ಶಾಸನ ಹೇಳುವಾಗ, ಒಂದು ದಿನದ ರೊಟ್ಟಿಯ ಲೆಕ್ಕ ಅವರಿಗೆ ಹೆಚ್ಚೇನೂ ಅಲ್ಲ.

ಮೊದಲಿಗೆ ಬೇಕಾದುದು ಬೀಜ. ಊರ ತಳಿಯ ಭತ್ತ ಇಟ್ಟುಕೊಂಡಿರುವ ಮನೆಗಳನ್ನು ಸಸಿಮಡಿ ಹಾಕುವುದಕ್ಕೆ ಮುಂಚೆಯೇ ವಿಚಾರಿಸಿಡಿ. ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿದ ನೀರಿಗೆ ಬೀಜ ಸುರಿದು, ಮೇಲೆ ತೇಲಿದ ಜೊಳ್ಳನ್ನು ತೆಗೆದುಹಾಕಿ, ಮುಳುಗಿದ ಗಟ್ಟಿಬೀಜವನ್ನು ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆದು ಬಿತ್ತನೆಗೆ ಬಳಸತಕ್ಕದ್ದು.